ಕಡಲಿಲ್ಲದ ನಾಗಪುರದಲ್ಲಿ ಹವಳದ ತೊಟ್ಟಿ: ಇದ್ದಿಲು ಮಾಡುವ ಕೆಲಸ, ಮಾಡದ ಕೆಲಸ

ನಾಗಪುರ: ದೇಶದ ನಡುಮಧ್ಯದ ಈ ಊರಿನಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಕಣ್ಣಿಗೆ ಬೀಳಬೇಕಾದರೆ ಒಂದು ರಾತ್ರಿಯ ರೈಲು ಪ್ರಯಾಣವಾದರೂ ಬೇಕು. ಮುಂಬಯಿಯೇ 800 ಕಿ.ಮೀ.ಗಿಂತ ಹೆಚ್ಚು ದೂರ. ಹೀಗಿದ್ದರೂ ಮನೆಯ ಹಾಲ್‌ನಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯಿಟ್ಟು, ಅದರಲ್ಲಿ ಹವಳ ಬೆಳೆಸಿ, ಬಿಳಿ ಪಟ್ಟೆಯ ಕ್ಲೌನ್ ಮೀನು ಓಡಾಡುವುದನ್ನು ಕಾಣಬೇಕೆಂಬ ಆಸೆ ಒಳನಾಡಿನ ಊರುಗಳಿಗೂ ಬಂದು ಮುಟ್ಟಿದೆ. 2003ರಲ್ಲಿ ತೆರೆಕಂಡ 'ಫೈಂಡಿಂಗ್ ನೀಮೋ' ಚಿತ್ರ ಈ ಮೀನನ್ನು ಮಕ್ಕಳ ಬಾಯಲ್ಲಿ ಮನೆಮಾತಾಗಿಸಿತು. ಕಿತ್ತಳೆಗೆ ಹೆಸರಾದ ಊರಿಗೆ ಕಿತ್ತಳೆ ಬಣ್ಣದ ಮೀನು ಒಪ್ಪುತ್ತದೆ ಎನ್ನೋಣ. ಉಡುಪಿ, ಕುಂದಾಪುರ, ಕಾರವಾರದ ಕಡೆಯಿಂದ ಬಂದು ಬ್ಯಾಂಕು, ರೈಲ್ವೆ, ಹೋಟೆಲು ಎಂದು ಹೊರನಾಡಿನಲ್ಲಿ ನೆಲೆನಿಂತ ಕುಟುಂಬಗಳಿಗೆ ಮನೆಯೊಳಗೆ ಒಂದು ತುಂಡು ಕಡಲು ಬೇಕೆನಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಸಿಹಿನೀರಿನ ತೊಟ್ಟಿಗೂ ಹವಳದ ತೊಟ್ಟಿಗೂ ಅಜಗಜಾಂತರವಿದೆ. ಗೋಲ್ಡ್‌ಫಿಶ್ ಸಾಕುವವರು ನಲ್ಲಿ ನೀರನ್ನು ಒಂದೆರಡು ದಿನ ಹಾಗೇ ಇಟ್ಟು ತುಂಬಿಸಿದರೂ ನಡೆದೀತು. ಹವಳಕ್ಕೆ ನೀರನ್ನೇ ತಯಾರಿಸಬೇಕು. ಆರ್.ಒ. ಯಂತ್ರದಿಂದ ಬಂದ ಶುದ್ಧ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಕೃತಕ ಕಡಲುಪ್ಪು ಬೆರೆಸಬೇಕು. ಇದು ಅಡುಗೆಯ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಇನ್ನೂ ಹತ್ತಾರು ಲವಣಗಳು ಕಡಲಿನ ಪ್ರಮಾಣದಲ್ಲಿಯೇ ಸೇರಿರುವ ಮಿಶ್ರಣ. 200 ಲೀಟರ್ ತೊಟ್ಟಿಗೆ ಮೊದಲ ದಿನವೇ 7 ಕಿಲೋ ಉಪ್ಪು. ಆಮೇಲೆ ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸಿದರೆ ಪ್ರತಿ ಬಾರಿ 700 ಗ್ರಾಂ, ವರ್ಷಕ್ಕೆ 36 ಕಿಲೋಗೂ ಮೇಲೆ. ಮುಂಬಯಿಯ ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ಆರಂಭವಾದ ತಾರಾಪೋರ್‌ವಾಲಾ ಮತ್ಸ್ಯಾಲಯಕ್ಕೆ ಕಡಲು ರಸ್ತೆಯ ಆಚೆಗೇ ಇತ್ತು. ನಾಗಪುರದಲ್ಲಿ ಬಕೆಟ್ ಬಕೆಟ್ ಉಪ್ಪುನೀರಿಗೂ ಲೆಕ್ಕ ಇಡಬೇಕು.

ಈ ಖರ್ಚನ್ನು ಉಳಿಸುವ ಆಸೆಯೇ ಎಡವಟ್ಟಿಗೆ ದಾರಿ. ಕೆಲವು ತಿಂಗಳಲ್ಲಿ ನೀರು ತುಸು ಹಳದಿಗೆ ತಿರುಗುತ್ತದೆ, ಅರಳಿಕೊಂಡಿದ್ದ ಹವಳ ಮುದುಡುತ್ತದೆ. ಅಂಗಡಿಯಲ್ಲಿ ಕೇಳಿದರೆ ಕಪ್ಪು ಹರಳುಗಳ ಒಂದು ಪೊಟ್ಟಣ ಕೈಗೆ ಬರುತ್ತದೆ: ಆಕ್ಟಿವೇಟೆಡ್ ಕಾರ್ಬನ್, ನಮ್ಮ ಪಠ್ಯಪುಸ್ತಕಗಳ ಸಕ್ರಿಯ ಇಂಗಾಲ. "ಇದನ್ನು ಹಾಕಿ, ನೀರು ಬದಲಿಸುವ ತಾಪತ್ರಯವೇ ಇಲ್ಲ" ಎಂಬ ಭರವಸೆಯೂ ಕೆಲವೊಮ್ಮೆ ಜೊತೆಗೆ ಸಿಗುತ್ತದೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ನಂಬಿದ ಮನೆಗಳಲ್ಲಿ ಜೀವಗಳು ಸಾಯುತ್ತವೆ.

ಮೊದಲು ಕಾನೂನಿನ ಮಾತು

ಇದ್ದಿಲಿನ ವಿಷಯಕ್ಕೆ ಹೋಗುವ ಮೊದಲು ತೊಟ್ಟಿಯಲ್ಲಿ ಯಾವ ಹವಳ ಇರಬಹುದು ಎಂಬುದನ್ನು ತಿಳಿಯುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದಕ್ಕೆ, ಅಂದರೆ ಹುಲಿ ಆನೆಗಳಿರುವ ಪಟ್ಟಿಗೆ, 2001ರಲ್ಲಿ ಹವಳಗಳನ್ನೂ ಸೇರಿಸಲಾಯಿತು. ಸುಣ್ಣದ ಗೂಡು ಕಟ್ಟುವ ಎಲ್ಲ ಕಲ್ಲು ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂತಹ ಗೊರ್ಗೋನಿಯನ್ ಇವೆಲ್ಲ ಅದರಲ್ಲಿವೆ. ನಮ್ಮ ಕಡಲಿನಿಂದ ಇವುಗಳನ್ನು ಕೀಳುವುದು, ಮಾರುವುದು, ಇಟ್ಟುಕೊಳ್ಳುವುದು ಅಪರಾಧ. ಶಿಕ್ಷೆ ಮೂರು ವರ್ಷಕ್ಕೆ ಕಡಿಮೆಯಿಲ್ಲ, ಏಳು ವರ್ಷದವರೆಗೂ ಹೋಗಬಹುದು. ರಾಮೇಶ್ವರದ ಯಾತ್ರೆಗೆ ಹೋದಾಗಲೋ, ಮಾಲವಣದ ದಂಡೆಯಲ್ಲೋ ಸಿಕ್ಕ ಬಿಳಿ ಹವಳದ ತುಂಡನ್ನು "ಸತ್ತಿದ್ದು ತಾನೇ" ಎಂದು ಚೀಲಕ್ಕೆ ಹಾಕಿಕೊಂಡು ಬರುವವರೂ ಈ ಕಾನೂನಿನ ಕೈಗೆ ಸಿಕ್ಕುತ್ತಾರೆ. ಕಲ್ಲು ಹವಳಗಳು ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿಯೂ ಇವೆ. ಆ ಪಟ್ಟಿಯ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಹಾಗಾಗಿ ವಿದೇಶದಿಂದ ಬಂದದ್ದೆಂದು ಅಂಗಡಿಯವರು ಹೇಳಿದರೆ ಸಾಲದು, ಕಾಗದ ನೋಡಬೇಕು.

ಹೊಸಬರ ಮನೆಗೆ ಬರುವುದು ಹೆಚ್ಚಾಗಿ ಮೃದು ಹವಳಗಳು. ಗಟ್ಟಿ ಗೂಡಿಲ್ಲದ, ಅಣಬೆಯಂತೆ, ಬೆರಳುಗಳಂತೆ, ಗುಂಡಿಗಳ ಗೊಂಚಲಿನಂತೆ ಕಾಣುವ ಇವು ಸಾಕಲು ಸುಲಭವೆಂದು ಹೆಸರಾಗಿವೆ. ತಮಾಷೆಯೆಂದರೆ ತೊಟ್ಟಿಯ ನೀರಿಗೆ ಅತಿ ಹೆಚ್ಚು ವಿಷ ಬಿಡುವವರಲ್ಲಿ ಇವೂ ಸೇರಿವೆ. ಹವಳದ ತೊಟ್ಟಿಗೆ ಕಾರ್ಬನ್ ಏಕೆ ಬೇಕಾಗುತ್ತದೆ ಎಂಬುದರ ಮುಖ್ಯ ಕಾರಣ ಇಲ್ಲಿಯೇ ಇದೆ. ಅದಕ್ಕೆ ಮುಂದೆ ಬರೋಣ.

ಗೆರಟೆಯೊಳಗೆ ಹತ್ತು ಗುಂಟೆ

ಘಟ್ಟದ ಮೇಲಿನವರು ಕರಟ ಎನ್ನುವ, ಕರಾವಳಿಯವರು ಗೆರಟೆ ಎನ್ನುವ ತೆಂಗಿನ ಚಿಪ್ಪು ನಮಗೆ ಹೊಸತಲ್ಲ. ಬಚ್ಚಲ ಒಲೆಗೆ ಉರಿದದ್ದು, ಇಸ್ತ್ರಿ ಪೆಟ್ಟಿಗೆಗೆ ಕೆಂಡವಾದದ್ದು, ಪುಡಿಯಾಗಿ ಹಲ್ಲುಜ್ಜಲು ಬಂದದ್ದು ಇದೇ ಕರಟದ ಇದ್ದಿಲು. ಮಡಕೆಯ ಮೇಲೆ ಮಡಕೆಯಿಟ್ಟು, ಒಂದರಲ್ಲಿ ಮರಳು, ಒಂದರಲ್ಲಿ ಇದ್ದಿಲು ತುಂಬಿ ಕುಡಿಯುವ ನೀರು ಸೋಸುತ್ತಿದ್ದುದನ್ನು ಹಿರಿಯರು ಕಂಡಿರಬಹುದು. ಇದ್ದಿಲು ಬಣ್ಣ ತೆಗೆಯುತ್ತದೆಂಬುದನ್ನು 1785ರಲ್ಲಿ ರಷ್ಯದಲ್ಲಿದ್ದ ಲೋವಿಟ್ಸ್ ಎಂಬ ರಸಾಯನ ತಜ್ಞ ಪ್ರಯೋಗದಿಂದ ತೋರಿಸಿದ್ದ. ಇಂದಿನ ಸಕ್ರಿಯ ಇಂಗಾಲಕ್ಕೆ ಓಸ್ಟ್ರೆಯ್ಕೋ ಎಂಬವನ ಪೇಟೆಂಟುಗಳು ಬಂದದ್ದು 1900ರ ಆಸುಪಾಸಿನಲ್ಲಿ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಂದ ಮೇಲೆ ಇದಕ್ಕೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. 1918ರಲ್ಲಿ ಅಮೆರಿಕದ ಸರಕಾರ ಮುಖವಾಡಗಳಿಗಾಗಿ ಪೀಚ್ ಹಣ್ಣಿನ ಬೀಜ, ತೆಂಗಿನ ಚಿಪ್ಪು ಕೂಡಿಟ್ಟು ಕೊಡಿ ಎಂದು ಜನರನ್ನು ಕೇಳಿಕೊಂಡಿತ್ತು.

ಸಾಮಾನ್ಯ ಇದ್ದಿಲಿಗೂ ಸಕ್ರಿಯ ಇಂಗಾಲಕ್ಕೂ ಇರುವ ವ್ಯತ್ಯಾಸ ಎರಡನೇ ಸುಡುವಿಕೆಯಲ್ಲಿದೆ. ಗಾಳಿ ಕಡಿಮೆ ಇರುವಲ್ಲಿ ಕರಟ ಸುಟ್ಟರೆ ಇದ್ದಿಲಾಗುತ್ತದೆ. ಅದನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರಿನ ಹಬೆಗೆ ಒಡ್ಡಿದಾಗ ಹಬೆ ಇದ್ದಿಲಿನ ಮೈಯನ್ನು ಒಳಗೊಳಗೇ ತಿಂದು ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರ ಕೊರೆಯುತ್ತದೆ. ಆ ರಂಧ್ರಗಳ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದೇ ಒಂದು ಗ್ರಾಂ ಇಂಗಾಲದಲ್ಲಿ ಸುಮಾರು 1000 ಚದರ ಮೀಟರ್ ಜಾಗ ಸಿಗುತ್ತದೆ. ಊರ ಕಡೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಹತ್ತು ಗುಂಟೆ. ನೀರಿನಲ್ಲಿ ಕರಗಿದ ಕೆಲವು ವಸ್ತುಗಳು ಈ ಗೋಡೆಗಳಿಗೆ ಅಂಟಿಕೊಂಡು ಉಳಿಯುತ್ತವೆ. ಸ್ಪಂಜು ನೀರನ್ನು ಕುಡಿದಂತೆ ಅಲ್ಲ, ಗೋಡೆಗೆ ದೂಳು ಹಿಡಿದಂತೆ.

ಬ್ಯಾಂಕಿನ ಲಾಕರ್ ಕೊಠಡಿಯನ್ನು ಕಲ್ಪಿಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಲಾಕರ್‌ಗಳ ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಒಂದು ದಿನ ಎಲ್ಲವೂ ಭರ್ತಿಯಾಗುತ್ತವೆ. ಲಾಕರಿನ ಅಳತೆಗೆ ಮೀರಿದ ಪೆಟ್ಟಿಗೆ ಅದರೊಳಗೆ ಹೋಗುವುದೂ ಇಲ್ಲ. ಕರಟದ ಇಂಗಾಲದ ರಂಧ್ರಗಳು ಬಹುಪಾಲು ಎರಡು ನ್ಯಾನೋಮೀಟರಿಗಿಂತ ಕಿರಿದು. ಕುಡಿಯುವ ನೀರಿನ ಕ್ಲೋರಿನ್, ಕೆಟ್ಟ ವಾಸನೆಯ ಚಿಕ್ಕ ಅಣುಗಳಿಗೆ ಅದು ಹೇಳಿ ಮಾಡಿಸಿದಂತಿದೆ. ಹವಳದ ತೊಟ್ಟಿಯ ಹಳದಿ ಬಣ್ಣದ ಅಣುಗಳು ಗಾತ್ರದಲ್ಲಿ ದೊಡ್ಡವು. ಅವಕ್ಕೆ ತುಸು ಅಗಲ ರಂಧ್ರವಿರುವ ಕಲ್ಲಿದ್ದಲಿನ ಇಂಗಾಲವೇ ಹೆಚ್ಚು ಒಗ್ಗುತ್ತದೆ. ಕೊಬ್ಬರಿಗೆ ಹೆಸರಾದ ತಿಪಟೂರಿನ ಕಡೆಯವರಿಗೆ ಇದು ರುಚಿಸಲಿಕ್ಕಿಲ್ಲ. ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಕಂಪನಿಯ ಕೇಂದ್ರ ಕಚೇರಿ ಇರುವ ನಾಗಪುರದವರು ಬೇಕಾದರೆ ಹಿಗ್ಗಬಹುದು. ಪೊಟ್ಟಣ ಕೊಳ್ಳುವಾಗ ಮೂಲ ಯಾವುದೆಂದು ಓದಿ ನೋಡುವುದು ಜಾಣತನ.

ಹಳದಿ ನೀರು, ನೀಲಿ ಬೆಳಕು

ಮೀನಿನ ಹೇಲು, ಉಳಿದ ಆಹಾರ, ಸತ್ತ ಪಾಚಿ ಇವೆಲ್ಲ ಕೊಳೆತು ಕೊನೆಗೆ ಉಳಿಯುವ ಹ್ಯೂಮಿಕ್ ಆಮ್ಲದಂಥ ವಸ್ತುಗಳು ನೀರಿಗೆ ಚಹಾದ ತೆಳು ಛಾಯೆ ಕೊಡುತ್ತವೆ. ದಿನವೂ ನೋಡುವ ಮನೆಯವರಿಗೆ ಇದು ಗೊತ್ತೇ ಆಗುವುದಿಲ್ಲ. ಬಿಳಿ ಬಕೆಟಿನಲ್ಲಿ ತೊಟ್ಟಿಯ ನೀರು, ಪಕ್ಕದ ಬಿಳಿ ಬಕೆಟಿನಲ್ಲಿ ಹೊಸದಾಗಿ ಬೆರೆಸಿದ ಉಪ್ಪುನೀರು ಇಟ್ಟು ಹಗಲಿನಲ್ಲಿ ಹೋಲಿಸಿದರೆ ಮರ್ಮ ಬಯಲಾಗುತ್ತದೆ.

ಬಣ್ಣ ಕೇವಲ ಅಂದದ ಪ್ರಶ್ನೆಯಲ್ಲ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಅದು ಬೆಳಕಿನಿಂದ ತಯಾರಿಸುವ ಆಹಾರದಲ್ಲಿ ದೊಡ್ಡ ಪಾಲು ಹವಳಕ್ಕೆ ಸಿಗುತ್ತದೆ. ಆ ಪಾಚಿಗೆ ಮುಖ್ಯವಾಗಿ ಬೇಕಾದದ್ದು ನೀಲಿ ಬೆಳಕು. ಹಳದಿ ನೀರು ತಡೆಯುವುದೂ ಆ ನೀಲಿಯನ್ನೇ. ಕಡಲು ಏಕೆ ನೀಲಿ ಎಂಬ ಪ್ರಶ್ನೆಯನ್ನು 1921ರ ಹಡಗು ಪ್ರಯಾಣದಲ್ಲಿ ಹಿಡಿದು ಕುಳಿತ ಸರ್ ಸಿ.ವಿ. ರಾಮನ್ ಅದಕ್ಕೂ ಮೊದಲು, 1910ರ ಸುಮಾರಿಗೆ, ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕೆಲಕಾಲ ಇದೇ ನಾಗಪುರದಲ್ಲಿದ್ದರು. ಅವರ ಹೆಸರಿನ ವಿಜ್ಞಾನ ಕೇಂದ್ರ ಇಲ್ಲಿ 1992ರಲ್ಲಿ ತೆರೆಯಿತು. ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ರಾಮನ್ ಅವರನ್ನು ನಾಗಪುರದ ಕನ್ನಡಿಗರು ಎರಡೂ ಕಡೆಯಿಂದ ತಮ್ಮವರೆನ್ನಬಹುದು.

ಕಾರ್ಬನ್ ಈ ಹಳದಿಯನ್ನು ಚೆನ್ನಾಗಿ ತೆಗೆಯುತ್ತದೆ, ಕೆಲವೊಮ್ಮೆ ಒಂದೆರಡು ದಿನಗಳಲ್ಲಿಯೇ. ಅಪಾಯವೂ ಅಲ್ಲಿಯೇ ಇದೆ. ಆರು ತಿಂಗಳು ಮಬ್ಬು ಬೆಳಕಿಗೆ ಹೊಂದಿಕೊಂಡ ಹವಳಕ್ಕೆ ಒಮ್ಮೆಲೇ ಪೂರ್ತಿ ಬೆಳಕು ಹೊಡೆದರೆ ಅದು ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಕಾರ್ಬನ್ ವಿಷವೆಂದು ಕೆಲವರು ದೂರುವುದಕ್ಕೆ ಇದೂ ಒಂದು ಕಾರಣವಿರಬೇಕು. ಮೊದಲ ಸಲ ಹಾಕುವಾಗ ಅರ್ಧ ಅಳತೆ ಹಾಕಿ, ಒಂದು ವಾರ ದೀಪದ ಹೊತ್ತನ್ನು ಕಡಿಮೆ ಮಾಡಿದರೆ ಈ ಗಂಡಾಂತರ ತಪ್ಪುತ್ತದೆ.

ಹವಳ ಹವಳಗಳ ನಡುವಿನ ಜಗಳ

ಹವಳ ಗಿಡದಂತೆ ಕಂಡರೂ ಪ್ರಾಣಿ. ಜಾಗಕ್ಕಾಗಿ ಪಕ್ಕದವನ ಜೊತೆ ಕಾದಾಡುತ್ತದೆ. ಓಡಲು ಕಾಲಿಲ್ಲ, ಮೃದು ಹವಳಕ್ಕೆ ಕಲ್ಲಿನ ಗೋಡೆಯೂ ಇಲ್ಲ. ಅದಕ್ಕಿರುವ ಆಯುಧ ರಸಾಯನ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸಮ್ಮಾರ್ಕೊ, ಕಾಲ್ ಮತ್ತು ಸಂಗಡಿಗ ವಿಜ್ಞಾನಿಗಳು 1980ರ ದಶಕದಲ್ಲಿ ನಡೆಸಿದ ಕೆಲಸದಿಂದ ಇದು ಸ್ಪಷ್ಟವಾಯಿತು. ಮೃದು ಹವಳಗಳು ನೀರಿಗೆ ಬಿಡುವ ಟರ್ಪೀನ್ ಜಾತಿಯ ವಸ್ತುಗಳು ಪಕ್ಕದ ಕಲ್ಲು ಹವಳದ ಬೆಳವಣಿಗೆ ಕುಂಠಿತಗೊಳಿಸುತ್ತವೆ, ಮುಟ್ಟದೆಯೇ ಕೊಲ್ಲಲೂಬಹುದು. ಅಂಗಡಿಗಳಲ್ಲಿ ಲೆದರ್ ಕೋರಲ್ ಎಂದು ಮಾರುವ ಸಾರ್ಕೋಫೈಟನ್, ಬೆರಳಿನಾಕಾರದ ಸಿನುಲೇರಿಯಾ ಇಂಥವೇ.

ಕಡಲಿನಲ್ಲಿ ಈ ವಿಷ ಅಲೆಯ ಜೊತೆ ಕೊಚ್ಚಿಹೋಗುತ್ತದೆ. ಇನ್ನೂರು ಲೀಟರ್ ನೀರಿನಲ್ಲಿ ಅದು ಎಲ್ಲಿಗೆ ಹೋದೀತು? ಒಂದೇ ಕೋಣೆಯ ಮನೆಯಲ್ಲಿ ಎರಡು ಸಂಸಾರ ಇಟ್ಟ ಹಾಗೆ. ಲೆದರ್ ಕೋರಲ್ ಆಗಾಗ ಮೇಣದಂಥ ಪೊರೆ ಕಳಚುವಾಗ, ಕಲ್ಲು ಜರುಗಿಸುವಾಗ ಅದಕ್ಕೆ ಗಾಯವಾದಾಗ, ತುಂಡು ಮಾಡಿ ಗೆಳೆಯರಿಗೆ ಹಂಚುವಾಗ ವಿಷ ಹೆಚ್ಚು ಹೊರಬರುತ್ತದೆ. ಮರುದಿನ ತೊಟ್ಟಿಯ ಇನ್ನೊಂದು ಮೂಲೆಯ ಹವಳ ಮುದುಡಿದ್ದರೆ ಪರೀಕ್ಷೆಯ ಕಿಟ್‌ಗಳಲ್ಲಿ ಏನೂ ಕಾಣುವುದಿಲ್ಲ. ಉಪ್ಪು ಸರಿ, ಕ್ಯಾಲ್ಸಿಯಂ ಸರಿ, ಪಿ.ಎಚ್. ಸರಿ, ಆದರೂ ಜೀವ ಸೊರಗುತ್ತಿದೆ. ಮನೆಯಲ್ಲಿ ಅಳೆಯಲು ಬಾರದ ಈ ವಿಷವನ್ನು ಹಿಡಿಯುವುದೇ ಹವಳದ ತೊಟ್ಟಿಯಲ್ಲಿ ಕಾರ್ಬನ್‌ನ ಅತ್ಯಂತ ಬೆಲೆಯುಳ್ಳ ಸೇವೆ ಎಂದರೆ ತಪ್ಪಾಗದು.

ಗುಂಡಿಗಳ ಗೊಂಚಲಿನಂತೆ ಕಾಣುವ ಜೋವಾಂತಿಡ್‌ಗಳ ಬಗ್ಗೆ ಮಾತ್ರ ಇನ್ನೂ ಗಂಭೀರವಾದ ಎಚ್ಚರಿಕೆ ಅಗತ್ಯ. ಇವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಘೋರ ವಿಷವನ್ನು ಹೊಂದಿವೆ. 1971ರಲ್ಲಿ ಹವಾಯಿ ದ್ವೀಪದ ಜಾತಿಯೊಂದರಿಂದ ಇದನ್ನು ಪ್ರತ್ಯೇಕಿಸಲಾಯಿತು. ಹವಳ ಅಂಟಿದ ಕಲ್ಲನ್ನು ಶುಚಿ ಮಾಡುತ್ತೇವೆಂದು ಬಿಸಿನೀರಿನಲ್ಲಿ ಕುದಿಸಿ, ಆ ಹಬೆ ಸೇವಿಸಿ ಇಡೀ ಮನೆಮಂದಿ ಆಸ್ಪತ್ರೆ ಸೇರಿದ ಪ್ರಕರಣಗಳು ಯುರೋಪ್, ಅಮೆರಿಕಗಳ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನೀರಿಗೆ ಬಿದ್ದ ವಿಷವನ್ನು ಹೊಸ ಕಾರ್ಬನ್ ಬಹುಮಟ್ಟಿಗೆ ಹಿಡಿದೀತು. ಹಬೆಯಾಗಿ ಅಡುಗೆಮನೆ ತುಂಬಿದ್ದನ್ನು ಅದು ಹಿಡಿಯಲಾರದು. ತೊಟ್ಟಿಯ ಕಲ್ಲನ್ನು ಕುದಿಸಲೇಬಾರದು, ಬ್ರಷ್ ಹಾಕಿ ಗಾಳಿಯಲ್ಲಿ ಉಜ್ಜಲೂಬಾರದು. ಕೈಗವಸು, ಕನ್ನಡಕ ಇಲ್ಲದೆ ಇವನ್ನು ಮುಟ್ಟಬಾರದು. ಕೈಯಲ್ಲಿ ಗಾಯವಿದ್ದರಂತೂ ಹತ್ತಿರ ಹೋಗುವುದೇ ಬೇಡ. ಮನೆಯಲ್ಲಿ ಸಣ್ಣ ಮಕ್ಕಳಿರುವವರು ಈ ಜಾತಿಯನ್ನು ತರದಿದ್ದರೆ ನಷ್ಟವೇನೂ ಇಲ್ಲ.

ಇದ್ದಿಲಿಗೆ ಆಗದ್ದು

ಮೀನಿನ ಮೈಯಿಂದ, ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯವನ್ನು ಕಾರ್ಬನ್ ತೆಗೆಯುವುದಿಲ್ಲ. ಅಮೋನಿಯದಿಂದ ಆಗುವ ನೈಟ್ರೈಟ್, ಅದರಿಂದ ಆಗುವ ನೈಟ್ರೇಟ್, ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್, ಇವಾವುದನ್ನೂ ತೆಗೆಯುವುದಿಲ್ಲ. ಹೊಸ ತೊಟ್ಟಿಯಲ್ಲಿ ಮೊದಲ ವಾರಗಳಲ್ಲಿ ಮೀನು ಸಾಯುವುದು ಹೆಚ್ಚಾಗಿ ಅಮೋನಿಯದಿಂದ. ಅದನ್ನು ಅರಗಿಸುವವು ಕಲ್ಲು ಮರಳುಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾ. ಅವು ಬೆಳೆದು ನಿಲ್ಲಲು ನಾಲ್ಕಾರು ವಾರ ಬೇಕು. ಆ ಕಾಯುವಿಕೆಗೆ ಬದಲಿ ಇಲ್ಲ. ನೀರು ಕನ್ನಡಿಯಂತೆ ತಿಳಿಯಾಗಿದೆ, ಆದ್ದರಿಂದ ಶುದ್ಧವಾಗಿದೆ ಎಂದು ನಂಬುವುದೇ ಎಲ್ಲಕ್ಕಿಂತ ದೊಡ್ಡ ಮೋಸ. ಅಮೋನಿಯಕ್ಕೆ ಬಣ್ಣವಿಲ್ಲ.

ಹವಳ ದಿನವೂ ಬಳಸುವ ಕ್ಯಾಲ್ಸಿಯಂ, ಕ್ಷಾರಗುಣವನ್ನು ಕಾರ್ಬನ್ ಮರಳಿ ತುಂಬಲಾರದು. ವಾರದ ನೀರು ಬದಲಾವಣೆ ತಪ್ಪಿಸಿದವರು ಲೆಕ್ಕದ ಜಮೆಯ ಕಡೆಯನ್ನೇ ಬಿಟ್ಟಂತೆ. ಖರ್ಚು ಮಾತ್ರ ನಡೆಯುತ್ತಲೇ ಇರುತ್ತದೆ. ಅಯೋಡಿನ್‌ನಂಥ ಕೆಲವು ಅಲ್ಪಾಂಶಗಳನ್ನು ಕಾರ್ಬನ್ ತಾನೇ ಒಂದಿಷ್ಟು ಹಿಡಿದುಕೊಳ್ಳುವುದೂ ಉಂಟು. ಮೀನಿಗೆ ಬೇನೆ ಬಂದು ಬೇರೆ ತೊಟ್ಟಿಯಲ್ಲಿ ಔಷಧ ಹಾಕುವಾಗ ಕಾರ್ಬನ್ ತೆಗೆದಿಡಬೇಕು, ಇಲ್ಲವಾದರೆ ಔಷಧವೂ ಇದ್ದಿಲಿನ ಪಾಲು. ಚಿಕಿತ್ಸೆ ಮುಗಿದ ಮೇಲೆ ಉಳಿದ ಔಷಧವನ್ನು ತೆಗೆಯಲು ಅದೇ ಕಾರ್ಬನ್ ಉಪಕಾರಿ. ತಾಮ್ರದ ಔಷಧವನ್ನು ಮಾತ್ರ ಹವಳವಿರುವ ತೊಟ್ಟಿಗೆ ಯಾವ ಕಾರಣಕ್ಕೂ ಹಾಕಬಾರದು. ಅದು ಹವಳಕ್ಕೆ ಮೃತ್ಯು, ಮತ್ತು ಕಾರ್ಬನ್ ಅದನ್ನು ತೆಗೆಯುತ್ತದೆಂದು ಭರವಸೆ ಇಡುವಂತಿಲ್ಲ.

ತೊಟ್ಟಿಗೆ ನೀರು ಇಳಿಯುವ ಮೊದಲೇ ಕಾರ್ಬನ್ ಇನ್ನೊಂದು ಕಡೆ ದುಡಿದಿರುತ್ತದೆ ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ. ಪೆಂಚ್ ಜಲಾಶಯದಿಂದ, ಕನ್ಹಾನ್ ನದಿಯಿಂದ ನಾಗಪುರದ ನಲ್ಲಿಗಳಿಗೆ ಬರುವ ನೀರಿನಲ್ಲಿ ಕ್ರಿಮಿ ಕೊಲ್ಲಲು ಕ್ಲೋರಿನ್ ಇರುತ್ತದೆ, ಇರಲೇಬೇಕು. ಆರ್.ಒ. ಯಂತ್ರದ ಪೊರೆಯನ್ನು ಈ ಕ್ಲೋರಿನ್ ಕೆಡಿಸುವುದರಿಂದ ಅದಕ್ಕೂ ಮುಂಚೆ ಕಾರ್ಬನ್ ಕಾರ್ಟ್ರಿಜ್ ಇಟ್ಟಿರುತ್ತಾರೆ. ಇಲ್ಲಿ ಕರಟದ ಇಂಗಾಲವೇ ರಾಜ. ಈ ಕಾರ್ಟ್ರಿಜ್ ಬದಲಿಸಲು ಮರೆತರೆ ದುಬಾರಿ ಪೊರೆ ಹಾಳು, ಹಿಂದೆಯೇ ತೊಟ್ಟಿಗೂ ತೊಂದರೆ. ಅಂದಹಾಗೆ ನೀರಿನ ಶುದ್ಧೀಕರಣ ನಾಗಪುರಕ್ಕೆ ಹೊಸ ವಿದ್ಯೆಯಲ್ಲ. 1958ರಲ್ಲಿ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಸಂಶೋಧನೆಗೆಂದು ಇಲ್ಲಿ ಆರಂಭವಾದ ಕೇಂದ್ರ ಸಂಸ್ಥೆ 1974ರಲ್ಲಿ ಪಡೆದ ಹೆಸರಿನ ಸಂಕ್ಷೇಪ 'ನೀರಿ'. ಕನ್ನಡಿಗರ ಕಿವಿಗೆ ಆ ಹೆಸರು ಬೇರೆ ಊರಿನವರಿಗಿಂತ ಹೆಚ್ಚು ಇಂಪು.

ಎಷ್ಟು, ಎಲ್ಲಿ, ಎಷ್ಟು ದಿನ

200 ಲೀಟರ್ ತೊಟ್ಟಿಗೆ ಸುಮಾರು 250 ಮಿಲಿಲೀಟರ್ ಅಳತೆಯ, ಅಂದರೆ ಒಂದು ದೊಡ್ಡ ಲೋಟದಷ್ಟು ಹರಳು ಎಂಬುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಹೆಚ್ಚು ಹಾಕಿ ಮೂರು ತಿಂಗಳು ಬಿಡುವುದಕ್ಕಿಂತ ಕಡಿಮೆ ಹಾಕಿ ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸುವುದು ಮೇಲು. ತುಂಬಿಹೋದ ಕಾರ್ಬನ್ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಕಪ್ಪಗಿದ್ದದ್ದು ಕಪ್ಪಗೇ ಇರುತ್ತದೆ. ಹಾಕಿದ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡುವುದೇ ಉಪಾಯ. ಹಾಲಿನವನ ಲೆಕ್ಕದ ಪಕ್ಕದಲ್ಲಿ ಅದಕ್ಕೂ ಜಾಗ ಸಿಕ್ಕೀತು.

ಹಾಕುವ ಮೊದಲು ಆರ್.ಒ. ನೀರಿನಲ್ಲಿ ಕಪ್ಪು ನೀರು ಬರುವುದು ನಿಲ್ಲುವವರೆಗೂ, ಅಕ್ಕಿ ತೊಳೆದಂತೆ, ತೊಳೆಯಬೇಕು. ಇದನ್ನು ಉದಾಸೀನ ಮಾಡುವವರೇ ಹೆಚ್ಚು. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಲಿಗ್ನೈಟ್ ಇಂಗಾಲವನ್ನು ಪೂರ್ಣ ಪ್ರಮಾಣದಲ್ಲಿ ಬಳಸಿದ ತೊಟ್ಟಿಗಳ ಸರ್ಜನ್ ಮೀನುಗಳಿಗೆ ತಲೆ ಮತ್ತು ಮೈ ಪಕ್ಕದ ಗೆರೆಯುದ್ದಕ್ಕೂ ಚರ್ಮ ಸವೆಯುವ ಬೇನೆ ಬಂದದ್ದು ಕಂಡುಬಂತು. ಲಿಗ್ನೈಟ್ ಇಂಗಾಲ ಮೆತ್ತಗಿದ್ದು ಬೇಗ ಪುಡಿಯಾಗುತ್ತದೆ. ಸರ್ಜನ್ ಜಾತಿಯ ಮೀನಿರುವ ಮನೆಯವರು ಗಟ್ಟಿ ಹರಳಿನ ಇಂಗಾಲವನ್ನೇ ಆರಿಸಿಕೊಂಡು, ದೂಳು ತೊಟ್ಟಿಗೆ ಹೋಗದಂತೆ ನೋಡಿಕೊಳ್ಳುವುದು ಕ್ಷೇಮ. ಕೆಲವು ಅಗ್ಗದ ಇಂಗಾಲದಿಂದ ಫಾಸ್ಫೇಟ್ ಬಿಡುಗಡೆಯಾಗುತ್ತದೆ. ಒಂದು ಚಮಚವನ್ನು ಒಂದು ಲೋಟ ಆರ್.ಒ. ನೀರಿನಲ್ಲಿ ರಾತ್ರಿ ನೆನೆಸಿ ಬೆಳಿಗ್ಗೆ ಫಾಸ್ಫೇಟ್ ಕಿಟ್ ಹಾಕಿ ನೋಡಿದರೆ ತಿಳಿಯುತ್ತದೆ.

ತೊಳೆದದ್ದನ್ನು ಜಾಲರಿ ಚೀಲದಲ್ಲಿ ತುಂಬಿ, ತೊಟ್ಟಿಯ ಕೆಳಗಿನ ಸಂಪ್‌ನಲ್ಲಿ ನೀರು ಹರಿಯುವ ದಾರಿಯಲ್ಲಿಯೇ, ಕಸ ಹಿಡಿಯುವ ಹತ್ತಿಯ ನಂತರ ಇಡಬೇಕು. ಮೂಲೆಯಲ್ಲಿ ಬಿಸಾಡಿದರೆ ಪಕ್ಕದಿಂದಲೇ ನೀರು ಹೋಗುತ್ತದೆ. ರಿಯಾಕ್ಟರ್ ಎಂಬ ಕೊಳವೆಯಲ್ಲಿ ಇಟ್ಟರೆ ಕೆಲಸ ಚುರುಕು, ಆದರೆ ಹರಳುಗಳು ಕುಣಿದು ಒಂದಕ್ಕೊಂದು ಉಜ್ಜಿ ಪುಡಿಯಾಗದಷ್ಟು ನಿಧಾನ ಹರಿವು ಸಾಕು.

ಮೇ ತಿಂಗಳ ಲೆಕ್ಕ ಬೇರೆ

ನಾಗಪುರದ ಬೇಸಿಗೆಯನ್ನು ಮರೆತು ಇಲ್ಲಿನ ತೊಟ್ಟಿಯ ಮಾತು ಆಡುವಂತಿಲ್ಲ. ಮೇ ತಿಂಗಳಲ್ಲಿ 45 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಹವಳಕ್ಕೆ ಹಿತವಾದದ್ದು 25-26 ಡಿಗ್ರಿಯ ಆಸುಪಾಸು. 30 ದಾಟಿ ದಿನಗಟ್ಟಲೆ ನಿಂತರೆ ಕಷ್ಟ. ಲಕ್ಷದ್ವೀಪದ ಹವಳ ದಿಬ್ಬಗಳೇ 1998, 2010, 2016ರಲ್ಲಿ ಕಡಲು ಬಿಸಿಯೇರಿದಾಗ ಬೆಳ್ಳಗಾದವು ಎಂದ ಮೇಲೆ ಗಾಜಿನ ಪೆಟ್ಟಿಗೆಯ ಪಾಡೇನು! ಒಣ ಹವೆಯಿರುವುದರಿಂದ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮನೆಮನೆಯ ಕಿಟಕಿಯಲ್ಲಿ ಕುಳಿತ ಕೂಲರಿನ ತತ್ವವೇ ಇದು. ಬೇಸಿಗೆ ಕಳೆಯಬೇಕಾದರೆ ಅಷ್ಟೇ ಸಾಲದು, ಎ.ಸಿ. ಅಥವಾ ಚಿಲ್ಲರ್ ಬೇಕಾಗುತ್ತದೆ.

ಫ್ಯಾನ್ ಬೀಸಿದಷ್ಟೂ ನೀರು ಆವಿಯಾಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. 200 ಲೀಟರಿನಲ್ಲಿ ದಿನಕ್ಕೆ 4 ಲೀಟರಿನಂತೆ ಮೂರು ದಿನ ಹಾರಿಹೋದರೆ 35 ಇದ್ದ ಉಪ್ಪು 37 ದಾಟುತ್ತದೆ. ಹಾರಿದ್ದಕ್ಕೆ ಸಿಹಿನೀರನ್ನೇ ತುಂಬಬೇಕು, ಉಪ್ಪುನೀರಲ್ಲ. ರಜೆಗೆ ಊರಿಗೆ ಹೊರಡುವ ಕುಟುಂಬಗಳು ಮೀನಿಗೆ ಆಹಾರ ಹಾಕಲು ಪಕ್ಕದ ಮನೆಯವರಿಗೆ ಹೇಳುತ್ತಾರೆ, ನೀರು ತುಂಬಲು ಹೇಳುವುದಿಲ್ಲ. ಮೀನು ನಾಲ್ಕು ದಿನ ಉಪವಾಸ ಇರಬಲ್ಲದು. ಏರುವ ಉಪ್ಪನ್ನು ಹವಳ ತಾಳಲಾರದು.

ಕರೆಂಟು ಹೋದಾಗಲೂ ಕಾರ್ಬನ್ ಬಗ್ಗೆ ಒಂದು ಜಾಗ್ರತೆ ಇದೆ. ಮುಚ್ಚಿದ ರಿಯಾಕ್ಟರಿನೊಳಗೆ ನೀರು ಗಂಟೆಗಟ್ಟಲೆ ನಿಂತರೆ ಅಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಆಮ್ಲಜನಕವನ್ನೆಲ್ಲ ಬಳಸಿ, ನೀರು ಕೊಳೆತ ವಾಸನೆ ಹಿಡಿಯುತ್ತದೆ. ಕರೆಂಟು ಬಂದೊಡನೆ ಅದು ಹಾಗೆಯೇ ತೊಟ್ಟಿಗೆ ನುಗ್ಗುತ್ತದೆ. ರಾತ್ರಿಯಿಡೀ ವಿದ್ಯುತ್ ಇಲ್ಲದಿದ್ದರೆ ರಿಯಾಕ್ಟರಿನ ನೀರು ಚೆಲ್ಲಿ, ತೊಳೆದು, ಅಥವಾ ಹೊಸ ಕಾರ್ಬನ್ ತುಂಬಿ ಮತ್ತೆ ಚಾಲೂ ಮಾಡಬೇಕು.

ಹಳೆಯ ಕಾರ್ಬನ್ ಅನ್ನು ಒಲೆಯ ಮೇಲೆ ಹುರಿದು ಮತ್ತೆ ಬಳಸಬಹುದೇ ಎಂದು ಮಿತವ್ಯಯಿಗಳು ಕೇಳುವುದುಂಟು. 800 ಡಿಗ್ರಿಯ ಹಬೆ ಮನೆಯ ಒಲೆಯಲ್ಲಿ ಹುಟ್ಟುವುದಿಲ್ಲ. ಹುರಿದರೆ ಬರುವುದು ದುರ್ವಾಸನೆ, ಮತ್ತು ಅದರಲ್ಲಿ ಏನೇನು ಅಂಟಿದೆಯೆಂದು ಯಾರಿಗೆ ಗೊತ್ತು. ತುಳಸಿ ಕಟ್ಟೆಗೆ ಗೊಬ್ಬರವೆಂದು ಸುರಿಯುವುದೂ ಬೇಡ, ಅದು ಉಪ್ಪುಮಯ. ಕಾಗದದಲ್ಲಿ ಸುತ್ತಿ ಒಣ ಕಸಕ್ಕೆ ಹಾಕಿ, ಹೊಸ ಚೀಲದ ತಾರೀಕು ಬರೆದರೆ ಆ ತಿಂಗಳ ಕೆಲಸ ಮುಗಿಯಿತು.